ಅಮ್ಮನ ಹಾಸಿಗೆ ಹೊಗೆಯಾಡಿದ ರಾತ್ರಿ, ಆಮೇಲೆ ನಾನು ಸ್ಮೋಕ್ ಅಲಾರಂ ಬಗ್ಗೆ ತಿಳ್ಕೊಂಡಿದ್ದು

ಹೋದ ವರ್ಷ ಮಳೆಗಾಲ, ಮೈಸೂರಲ್ಲಿ ಅಪ್ಪ ಅಮ್ಮನ ಮನೆ. ಬೆಳಗಿನ ಜಾವ ನಾಲ್ಕೂವರೆ ಇರಬೇಕು, ಬಾತ್‌ರೂಮಿಗೆ ಅಂತ ಎದ್ದು ಹಾಲ್‌ಗೆ ಬಂದೆ, ಸೀದ ಬಟ್ಟೆ ವಾಸನೆ. ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೆ ಮರೆತುಬಿಟ್ಟಾಗ ಬರತ್ತಲ್ಲ, ಹಾಗೆ. ಅಡುಗೆಮನೆ ನೋಡಿದೆ, ಏನೂ ಇಲ್ಲ. ಯುಪಿಎಸ್ ಇಟ್ಟಿರೋ ಮೂಲೆಗೆ ಹೋಗಿ ಮುಟ್ಟಿ ನೋಡಿದೆ, ತಣ್ಣಗಿದೆ. ಅಮ್ಮನ ರೂಮಿನ ಬಾಗಿಲು ತಳ್ಳಿದ್ರೆ ಒಳಗೆ ಹೊಗೆ ಹಾಗೇ ನಿಂತಿದೆ, ಸೊಂಟದ ಎತ್ತರದಿಂದ ಮೇಲೆ ಪೂರ್ತಿ ಬೂದು, ಲೈಟ್ ಹಾಕಿದ್ರೆ ಟ್ಯೂಬ್‌ಲೈಟೇ ಮಬ್ಬಾಗಿ ಕಾಣ್ತಿತ್ತು. ಅಮ್ಮ ಆರಾಮಾಗಿ ನಿದ್ದೆ ಮಾಡ್ತಾ ಇದ್ರು.

ಮಂಚದ ಪಕ್ಕ ಸೊಳ್ಳೆ ಬತ್ತಿ ಹಚ್ಚಿಟ್ಟಿದ್ರು, ಆ ಸುರುಳಿದು. ರಾತ್ರಿ ಹೊದಿಕೆಯ ಒಂದು ತುದಿ ಜಾರಿ ಅದರ ಮೇಲೆ ಬಿದ್ದಿದೆ, ಅಲ್ಲಿಂದ ಕೆಂಡ ಹತ್ತಿ ಹಾಸಿಗೆಯ ಅಂಚಿಗೆ ಹೋಗಿದೆ, ಹಾಸಿಗೆ ಒಳಗೆ ಅದರ ಪಾಡಿಗೆ ಅದು ತಿನ್ಕೊಂಡು ಹೋಗ್ತಾ ಇದೆ. ಒಂದು ಊಟದ ತಟ್ಟೆ ಅಷ್ಟು ದೊಡ್ಡ ಕಪ್ಪು ಗುಂಡಿ. ಉರಿ ಅನ್ನೋದು ಒಂದು ಚೂರೂ ಇಲ್ಲ, ಬೆಳಕಿಲ್ಲ, ಸದ್ದಿಲ್ಲ. ಅಮ್ಮನ್ನ ಅಲ್ಲಾಡಿಸಿ ಎಬ್ಬಿಸಿ ಹೊರಗೆ ಕೂರಿಸಿ, ಹಾಸಿಗೆ ಎಳ್ಕೊಂಡು ಹೋಗಿ ಹಿತ್ತಲಲ್ಲಿ ಹಾಕಿ ಎರಡು ಬಕೆಟ್ ನೀರು ಸುರಿದೆ, ಆರಿತು ಅನ್ಕೊಂಡೆ, ಅರ್ಧ ಗಂಟೆ ಬಿಟ್ಟು ನೋಡಿದ್ರೆ ಮತ್ತೆ ಹೊಗೆ. ಒಳಗಿನ ಹತ್ತಿ ಇನ್ನೂ ಕೆಂಡ. ಕೊನೆಗೆ ಚಾಕು ತಗೊಂಡು ಹಾಸಿಗೆ ಸೀಳಿ ಹತ್ತಿ ಎಲ್ಲಾ ಹೊರಗೆ ಎಳೆದು ಒಂದೊಂದು ಮುದ್ದೆಗೂ ನೀರು ಹಾಕಿದ ಮೇಲೇನೇ ನಿಂತಿದ್ದು. ಬೂದಿ ಮುಚ್ಚಿದ ಕೆಂಡ ಅಂತ ಗಾದೆ ಥರ ಹೇಳ್ತಾ ಇರ್ತೀವಿ, ಅವತ್ತು ಅದನ್ನ ಕಣ್ಣಾರೆ ನೋಡಿದೆ.

ಅಮ್ಮನಿಗೆ ಇಡೀ ದಿನ ತಲೆನೋವು, ವಾಕರಿಕೆ. ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ, ಆಕ್ಸಿಜನ್ ಕೊಟ್ರು, ಸಂಜೆಗೆ ಸರಿ ಹೋದ್ರು. ಹೀಗೆ ಉಸಿರು ಕಟ್ಟಿದ ಹಾಗೆ ಒಳಗೊಳಗೇ ಸುಡೋ ಬೆಂಕಿ ಕಾರ್ಬನ್ ಮಾನಾಕ್ಸೈಡ್ ತುಂಬಾ ಬಿಡತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೆಯಲ್ಲಿ ಇರೋರನ್ನ ಇನ್ನೂ ಆಳದ ನಿದ್ದೆಗೆ ತಳ್ಳತ್ತೆ. ಅವತ್ತು ನನಗೆ ಎಚ್ಚರ ಆಗದೇ ಇದ್ದಿದ್ರೆ ಏನು ಅನ್ನೋ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಅಲ್ಲಿಂದ ಶುರುವಾಗಿದ್ದು ಈ ಓದು. ನಾನು ಫೈರ್ ಎಂಜಿನಿಯರ್ ಅಲ್ಲ, ಎಲೆಕ್ಟ್ರಾನಿಕ್ಸ್ ಓದಿದೋನು, ಮನೆಗೆ ಸರಿಯಾದ್ದು ತಂದು ಹಾಕಬೇಕು ಅಂತ ಕೂತು ತಿಳ್ಕೊಂಡಿದ್ದನ್ನ ಇಲ್ಲಿ ಬರೀತಾ ಇದೀನಿ, ಯಾಕಂದ್ರೆ ನಮ್ಮ ಕಡೆ ಮನೆಗಳಲ್ಲಿ ಇದರ ಬಗ್ಗೆ ಮಾತೇ ಇಲ್ಲ.

ಮೊದಲು ಅರ್ಥ ಆಗಬೇಕಾದ್ದು ಬೆಂಕಿ ಅಂದ್ರೆ ಒಂದೇ ಥರ ಅಲ್ಲ ಅನ್ನೋದು. ಒಂದು ಧಗಧಗ ಉರಿಯೋದು, ಬಾಣಲೆ ಎಣ್ಣೆ ಹತ್ಕೊಂಡ ಹಾಗೆ, ಪೇಪರ್ ರಾಶಿ, ಪರದೆ ಹತ್ಕೊಂಡ ಹಾಗೆ. ಇನ್ನೊಂದು ನಮ್ಮ ಹಾಸಿಗೆ ಥರ, ಗಂಟೆಗಟ್ಟಲೆ ಬರೀ ಹೊಗೆಯಾಡೋದು. ಎರಡರ ಹೊಗೆನೂ ಬೇರೆ. ಜೋರಾಗಿ ಉರಿಯೋ ಬೆಂಕಿಯ ಬಿಸಿಗೆ ಎಲ್ಲಾ ಸುಟ್ಟು ಬರೋ ಕಣಗಳು ತೀರಾ ಸಣ್ಣವು, ಬಹಳಷ್ಟು ಮೈಕ್ರಾನ್‌ನ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಅಂತಾರೆ) ನೂರರಲ್ಲಿ ಒಂದು ಭಾಗ, ಹತ್ತರಲ್ಲಿ ಒಂದೆರಡು ಭಾಗದ ಲೆಕ್ಕದವು, ಕಣ್ಣಿಗೆ ಹೊಗೆ ಅಂತ ಕಾಣದೇ ಇರೋವೂ ಇರತ್ತೆ. ಹೊಗೆಯಾಡೋ ಬೆಂಕೀಲಿ ಹತ್ತಿಯೋ ಫೋಮೋ ಪೂರ್ತಿ ಸುಡಲ್ಲ, ಕಾದು ಆವಿ ಥರ ಹೊರಗೆ ಬಂದು ತಣ್ಣಗಾಗ್ತಾ ಹನಿಹನಿಯಾಗಿ ಕೂಡ್ಕೊಳ್ಳತ್ತೆ, ಹಾಗಾಗಿ ಅದರ ಕಣ ದೊಡ್ಡದು, ಅರ್ಧ ಮೈಕ್ರಾನ್, ಒಂದು ಮೈಕ್ರಾನ್, ಅದಕ್ಕೂ ಮೇಲೆ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದ್ರೆ ಈ ದೊಡ್ಡದೂ ಎಷ್ಟು ಸಣ್ಣದು ಅಂತ ಅಂದಾಜು ಸಿಗತ್ತೆ. ಈ ಒಂದು ವ್ಯತ್ಯಾಸದ ಮೇಲೇನೇ ಎರಡು ಥರದ ಸೆನ್ಸರ್ ನಿಂತಿರೋದು.

ಫೋಟೋಎಲೆಕ್ಟ್ರಿಕ್ ಅಂತಾರಲ್ಲ, ಆಪ್ಟಿಕಲ್ ಅಂತಾನೂ ಬರೆದಿರ್ತಾರೆ, ಅದನ್ನ ಓದಿದ ತಕ್ಷಣ ನನಗೆ ನೆನಪಾಗಿದ್ದು ತೀರ್ಥಹಳ್ಳಿ ಹತ್ರದ ನಮ್ಮಜ್ಜಿ ಮನೆ ಅಡುಗೆಕೋಣೆ. ಹೆಂಚಿನ ಮಾಡು, ಮಧ್ಯ ಒಂದೇ ಒಂದು ಗಾಜಿನ ಹೆಂಚು. ಕತ್ತಲ ಕೋಣೆ, ಆ ಗಾಜಿನ ಹೆಂಚಿಂದ ಬಿಸಿಲು ಇಳಿತಾ ಇರತ್ತೆ ಆದ್ರೆ ಬೆಳಗ್ಗೆ ಒಲೆ ಹಚ್ಚೋ ತನಕ ಅದು ನೆಲದ ಮೇಲೆ ಒಂದು ಚೌಕ ಬೆಳಕು ಮಾತ್ರ. ಅಜ್ಜಿ ಒಲೆಗೆ ಹಸಿ ಸೌದೆ ಇಟ್ಟು ಊದುಗೊಳವೆಲಿ ಊದಿದ್ರು ಅಂದ್ರೆ ಹೊಗೆ ಮೇಲೆ ಹೋಗತ್ತೆ, ಆಗ ಮಾಡಿನಿಂದ ನೆಲದ ತನಕ ಓರೆಯಾಗಿ ಒಂದು ಬಿಸಿಲುಕೋಲು ನಿಂತ ಹಾಗೆ ಕಾಣತ್ತೆ, ಅದನ್ನ ಕೈಲಿ ಹಿಡಿಯೋಕೆ ಹೋಗ್ತಿದ್ವಿ ನಾವು ಮಕ್ಕಳು. ಬೆಳಕು ಮೊದಲೂ ಅಲ್ಲೇ ಇತ್ತು, ನಮ್ಮ ಕಣ್ಣಿಗೆ ಬರ್ತಿರಲಿಲ್ಲ. ಹೊಗೆಯ ಕಣಕ್ಕೆ ತಗುಲಿ ಪಕ್ಕಕ್ಕೆ ಚೆದುರಿ ಕಣ್ಣಿಗೆ ಬಂತು.

ಫೋಟೋಎಲೆಕ್ಟ್ರಿಕ್ ಅಲಾರಂ ಒಳಗೆ ಇರೋದು ಅದೇ ಅಡುಗೆಕೋಣೆ, ಒಂದು ಬೆಂಕಿಪೊಟ್ಟಣದ ಸೈಜಲ್ಲಿ. ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ಕೋಣೆ, ಗೋಡೆಗಳು ಚಕ್ರವ್ಯೂಹದ ಹಾಗೆ ಮಡಚಿಕೊಂಡಿರತ್ತೆ, ಗಾಳಿ ಒಳಗೆ ಬರಬಹುದು, ಹೊರಗಿನ ಬೆಳಕು ಬರೋ ಹಾಗಿಲ್ಲ. ಒಂದು ಕಡೆ ಇನ್‌ಫ್ರಾರೆಡ್ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಹಿಡಿಯೋ ಫೋಟೋಡಯೋಡ್. ಎರಡೂ ಎದುರುಬದುರು ಇಡಲ್ಲ, ಬೇಕು ಅಂತಲೇ ಓರೆಯಾಗಿ ಇಟ್ಟಿರ್ತಾರೆ, ಹಾಗಾಗಿ ಗಾಳಿ ಶುದ್ಧ ಇರೋವರೆಗೂ ಆ ಡಯೋಡಿಗೆ ಹೆಚ್ಚುಕಮ್ಮಿ ಕತ್ತಲೆ. ಎಲ್‌ಇಡಿ ಕೆಲವು ಸೆಕೆಂಡಿಗೊಮ್ಮೆ ಮಿನುಗ್ತಾ ಇರತ್ತೆ. ಹೊಗೆ ಒಳಗೆ ಬಂತು ಅಂದ್ರೆ ಬೆಳಕು ಚೆದುರಿ ಒಂದು ಪಾಲು ಡಯೋಡಿನ ಕಡೆ ತಿರುಗತ್ತೆ, ಅದು ಇಷ್ಟಕ್ಕಿಂತ ಜಾಸ್ತಿ ಆಯ್ತು ಅಂದ ಕೂಡಲೇ ಕೂಗು. ಕಣ ದೊಡ್ಡದಾದಷ್ಟೂ ಬೆಳಕನ್ನ ಜಾಸ್ತಿ ಚೆದುರಿಸತ್ತೆ, ಅದಕ್ಕೇ ಹೊಗೆಯಾಡೋ ಹಾಸಿಗೆ, ಸೋಫಾ, ಒಳಗೊಳಗೇ ಕಾಯ್ತಾ ಇರೋ ವೈರು ಇವನ್ನ ಇದು ಬೇಗ ಹಿಡಿಯತ್ತೆ. ಕಷ್ಟ ಏನು ಅಂದ್ರೆ ಸ್ನಾನದ ಮನೆ ಹಬೆಯ ಹನಿಗಳೂ ದೊಡ್ಡವೇ, ಧೂಳೂ ದೊಡ್ಡದೇ, ಒಳಗೆ ಹೋಗಿ ಕೂತ ಜೇಡನೂ ಬೆಳಕು ಚೆದುರಿಸತ್ತೆ. ಈಗ ಬರ್ತಿರೋ ಕೆಲವು ಮಾಡೆಲ್‌ಗಳಲ್ಲಿ ಇನ್‌ಫ್ರಾರೆಡ್ ಜೊತೆ ನೀಲಿ ಎಲ್‌ಇಡಿನೂ ಇರತ್ತೆ, ಎರಡು ಬಣ್ಣದ ಬೆಳಕು ಎಷ್ಟೆಷ್ಟು ಚೆದುರಿತು ಅಂತ ತಾಳೆ ನೋಡಿ ಕಣ ಸಣ್ಣದೋ ದೊಡ್ಡದೋ ಅಂತ ಅಂದಾಜು ಮಾಡತ್ತೆ, ಹಬೆಗೂ ಹೊಗೆಗೂ ವ್ಯತ್ಯಾಸ ಹಿಡಿಯತ್ತೆ. ಇದು ನನಗೆ ತುಂಬಾ ಇಷ್ಟ ಆದ ಉಪಾಯ.

ಇನ್ನೊಂದು ಅಯೋನೈಸೇಷನ್ ಸೆನ್ಸರ್. ಇದನ್ನ ನಾನು ಹೆಸರು ಗೊತ್ತಿಲ್ಲದೇನೇ ಆರು ವರ್ಷ ಸಹಿಸ್ಕೊಂಡಿದ್ದೆ, ಒಹಾಯೋದಲ್ಲಿ ಕೆಲಸದಲ್ಲಿದ್ದಾಗ ಬಾಡಿಗೆ ಅಪಾರ್ಟ್‌ಮೆಂಟಿನ ಅಡುಗೆಮನೆ ಬಾಗಿಲ ಮೇಲೇ ಇತ್ತು. ಸಾರಿಗೆ ಒಗ್ಗರಣೆ ಹಾಕಿದ್ರೆ ಕೂಗೋದು, ದೋಸೆ ಕಾವಲಿಗೆ ಎಣ್ಣೆ ಸವರಿದ್ರೆ ಕೂಗೋದು, ಅದೇ ಬಾತ್‌ರೂಮಿಂದ ಹಬೆ ಬುಸುಬುಸು ಬಂದ್ರೂ ಅಷ್ಟೊಂದು ತಲೆ ಕೆಡಿಸಿಕೊಳ್ತಿರಲಿಲ್ಲ. ಆಗ ಯಾಕೆ ಅಂತ ಗೊತ್ತಿರಲಿಲ್ಲ. ಕಾದ ಎಣ್ಣೆಯಿಂದ ಏಳೋದು ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಲಕ್ಷಗಟ್ಟಲೆ, ಈ ಸೆನ್ಸರಿಗೆ ಬೇಕಾಗಿರೋದೇ ಅದು.

ಇದರ ಒಳಗೆ ಅಮೆರಿಸಿಯಂ-241 ಅನ್ನೋ ವಿಕಿರಣ ಬಿಡೋ ಲೋಹ ಒಂದು ಚೂರು ಇರತ್ತೆ, ಒಂದು ಮೈಕ್ರೋಗ್ರಾಂಗೂ ಕಮ್ಮಿ, ಸುಮಾರು ಒಂದು ಮೈಕ್ರೋಕ್ಯೂರಿ ಅಷ್ಟು ವಿಕಿರಣ. ಅದರಿಂದ ಹೊರಡೋ ಆಲ್ಫಾ ಕಣಗಳು ಗಾಳಿಯನ್ನ ಒಡೆದು ಅಯಾನು, ಅಂದ್ರೆ ವಿದ್ಯುತ್ ಆವೇಶ ಇರೋ ಕಣ ಮಾಡತ್ತೆ, ಎರಡು ಲೋಹದ ಪ್ಲೇಟಿನ ಮಧ್ಯ ಈ ಅಯಾನುಗಳು ಓಡಾಡೋದರಿಂದ ಪಿಕೋಆಂಪಿಯರ್ ಲೆಕ್ಕದಲ್ಲಿ ಒಂದು ಚಿಕ್ಕ ಕರೆಂಟ್ ಹರೀತಾ ಇರತ್ತೆ. ಹೊಗೆ ಬಂದ್ರೆ ಅಯಾನುಗಳು ಹೋಗಿ ಹೊಗೆ ಕಣಕ್ಕೆ ಅಂಟ್ಕೊಳ್ತವೆ. ಸಂತೆ ದಿನ ಕಿರಿದಾದ ರಸ್ತೆಲಿ ಸರ್ ಅಂತ ಹೋಗ್ತಿದ್ದ ಸೈಕಲ್‌ಗಳು ಹುಲ್ಲು ತುಂಬಿದ ಎತ್ತಿನಗಾಡಿ ಹಿಂದೆ ಸಿಕ್ಕಿಹಾಕಿಕೊಂಡ ಹಾಗೆ, ಓಟ ನಿಧಾನ ಆಗತ್ತೆ, ಕರೆಂಟ್ ಇಳಿಯತ್ತೆ, ಇಳಿದಿದ್ದನ್ನ ನೋಡಿ ಅಲಾರಂ ಕೂಗತ್ತೆ. ಇಲ್ಲಿ ಲೆಕ್ಕಕ್ಕೆ ಬರೋದು ಹೆಚ್ಚಾಗಿ ಕಣ ಎಷ್ಟು ಇವೆ ಅನ್ನೋದು. ಉರಿಯೋ ಬೆಂಕಿ ಸಣ್ಣ ಕಣಗಳನ್ನ ರಾಶಿ ರಾಶಿ ಬಿಡತ್ತೆ, ಅದಕ್ಕೆ ಇದು ಅಲ್ಲಿ ಚುರುಕು. ಹೊಗೆಯಾಡೋ ಬೆಂಕೀಲಿ ಕಣ ದೊಡ್ಡದು ಆದ್ರೆ ಸಂಖ್ಯೆ ಕಮ್ಮಿ, ಹಾಗಾಗಿ ಅಲ್ಲಿ ಮಂದ.

ಇದರ ಹುಟ್ಟಿನ ಕಥೆ ಚೆನ್ನಾಗಿದೆ. 1930ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ವಾಲ್ಟರ್ ಯೇಗರ್ ಅನ್ನೋ ವಿಜ್ಞಾನಿ ವಿಷಾನಿಲ ಪತ್ತೆ ಮಾಡೋ ಸೆನ್ಸರ್ ಮಾಡೋಕೆ ಹೊರಟಿದ್ರು, ವಿಷಾನಿಲ ಬಿಟ್ರೂ ಮೀಟರ್ ಅಲ್ಲಾಡಲಿಲ್ಲ, ಬೇಜಾರಾಗಿ ಒಂದು ಸಿಗರೇಟ್ ಹಚ್ಚಿದ್ರೆ ಮುಳ್ಳು ಇಳಿತಂತೆ. ಆಮೇಲೆ ಅದೇ ದೇಶದ ಅರ್ನ್ಸ್ಟ್ ಮೈಲಿ ಆ ಕ್ಷೀಣ ಸಿಗ್ನಲ್ ಅನ್ನ ಅಲಾರಂ ಹೊಡೆಯೋಷ್ಟು ದೊಡ್ಡದು ಮಾಡೋ ಟ್ಯೂಬ್ ಮಾಡಿದ್ರು. ಅಮೆರಿಸಿಯಂ ಮೂಲವಸ್ತುವನ್ನ ಗ್ಲೆನ್ ಸೀಬೋರ್ಗ್ ಮತ್ತೆ ಅವರ ಜೊತೆಯವರು 1944ರಲ್ಲಿ ಷಿಕಾಗೋದಲ್ಲಿ ಮಾಡಿದ್ದು, ಯುದ್ಧದ ಗುಟ್ಟಾಗಿತ್ತು, 1945ರ ನವೆಂಬರಲ್ಲಿ ಸೀಬೋರ್ಗ್ ಅದನ್ನ ಮೊದಲು ಹೊರಗೆ ಹೇಳಿದ್ದು ಮಕ್ಕಳ ಒಂದು ರೇಡಿಯೋ ಕ್ವಿಜ್ ಪ್ರೋಗ್ರಾಮಲ್ಲಿ, ಒಂದು ಮಗು ಹೊಸ ಮೂಲವಸ್ತು ಏನಾದ್ರೂ ಸಿಕ್ಕಿದೆಯಾ ಅಂತ ಕೇಳಿದ್ದಕ್ಕೆ. ಮನೆಮನೆಗೆ ಬ್ಯಾಟರಿ ಅಲಾರಂ ಬಂದಿದ್ದು ಇನ್ನೂ ಆಮೇಲೆ, 1960ರ ದಶಕದಲ್ಲಿ ಅಮೆರಿಕದ ಡುವೇನ್ ಪಿಯರ್ಸಾಲ್ ಅವರ ಕೆಲಸದಿಂದ.

ವಿಕಿರಣ ಅಂದ ತಕ್ಷಣ ಹೆದರೋದು ಸಹಜ, ಅಮ್ಮನೂ ಹೆದರಿದ್ರು. ಆಲ್ಫಾ ಕಣ ಕೆಲವು ಸೆಂಟಿಮೀಟರ್ ಗಾಳಿ ದಾಟೋದ್ರಲ್ಲೇ ಸುಸ್ತಾಗತ್ತೆ, ಒಂದು ಹಾಳೆ ಸಾಕು ತಡೆಯೋಕೆ, ಹಾಗಾಗಿ ಗೋಡೆ ಮೇಲೆ ಇದ್ರೆ ಏನೂ ಆಗಲ್ಲ. ಬಿಚ್ಚಬಾರದು, ಕುಟ್ಟಬಾರದು, ಸುಡಬಾರದು ಅಷ್ಟೇ. ಅಮೆರಿಸಿಯಂ ಅರ್ಧ ಆಗೋಕೆ 432 ವರ್ಷ ಬೇಕು, ಅಂದ್ರೆ ಅಲಾರಂ ಕೆಟ್ಟು ಹೋದ್ಮೇಲೂ ಅದು ಇದ್ದೇ ಇರತ್ತೆ. ನಮ್ಮ ದೇಶದಲ್ಲಿ ಈ ಥರದವು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದ ಕೆಳಗೆ ಬರತ್ತೆ, ಕಸಕ್ಕೆ ಎಸೆಯೋ ಹಾಗಿಲ್ಲ, ಕೊಟ್ಟವರಿಗೇ ವಾಪಸ್ ಹೋಗಬೇಕು. ಹಳೇ ಆಫೀಸ್ ಬಿಲ್ಡಿಂಗ್ ಒಡೆಯೋವಾಗ ಚಾವಣಿಯಿಂದ ಕಿತ್ತು ಗುಜರಿಗೆ ಹಾಕೋರು ಇದನ್ನ ದಯವಿಟ್ಟು ಗಮನಿಸಿ, ಗುಜರಿ ಅಂಗಡೀಲಿ ಅದನ್ನ ಸುತ್ತಿಗೆಲಿ ಒಡೆಯೋದು ಯಾವುದೋ ಹುಡುಗ.

ಹಾಗಾದ್ರೆ ಯಾವುದು ಒಳ್ಳೇದು? ಅಮೆರಿಕ ಸರ್ಕಾರದ ಮಾನದಂಡ, ತಂತ್ರಜ್ಞಾನದ ಸಂಸ್ಥೆ ಎನ್‌ಐಎಸ್‌ಟಿ 2000ದ ದಶಕದಲ್ಲಿ ನಿಜವಾದ ಮನೆಗಳಲ್ಲೇ ಬೆಂಕಿ ಹಚ್ಚಿ ಪರೀಕ್ಷೆ ಮಾಡ್ತು. ಉರಿಯೋ ಬೆಂಕೀಲಿ ಅಯೋನೈಸೇಷನ್ ಸ್ವಲ್ಪ ಮುಂದೆ, ಹೊಗೆಯಾಡೋ ಬೆಂಕೀಲಿ ಫೋಟೋಎಲೆಕ್ಟ್ರಿಕ್ ಎಷ್ಟೋ ಮುಂದೆ. ಅದೇ ರಿಪೋರ್ಟಲ್ಲಿ ಇನ್ನೊಂದು ಮಾತಿದೆ, ಅದು ನನ್ನನ್ನ ಅಲ್ಲಾಡಿಸಿಬಿಡ್ತು: 1970ರ ದಶಕದ ಪರೀಕ್ಷೆಗಳಲ್ಲಿ ಬೆಂಕಿ ಹತ್ತಿದ ಮೇಲೆ ಮನೆಯಿಂದ ತಪ್ಪಿಸಿಕೊಳ್ಳೋಕೆ ಸುಮಾರು 17 ನಿಮಿಷ ಸಿಗ್ತಿತ್ತು, ಹೊಸ ಪರೀಕ್ಷೆಗಳಲ್ಲಿ ಉರಿಯೋ ಬೆಂಕಿಗೆ ಸಿಕ್ಕಿದ್ದು ಸುಮಾರು 3 ನಿಮಿಷ. ಇವತ್ತಿನ ಫೋಮ್ ಸೋಫಾ, ಫೋಮ್ ಹಾಸಿಗೆ ಅಷ್ಟು ಬೇಗ ಉರಿಯತ್ತೆ. ನಾವೂ ಹತ್ತಿ ಹಾಸಿಗೆ ತೆಗೆದು ಅಮ್ಮನಿಗೆ ಫೋಮ್ ಹಾಸಿಗೆ ತಂದ್ವಿ ಅವತ್ತು ಮಧ್ಯಾಹ್ನನೇ, ಇದನ್ನ ಓದಿದ್ದು ಆಮೇಲೆ.

ಎರಡೂ ಸೆನ್ಸರ್ ಒಂದೇ ಡಬ್ಬಿಲಿ ಇರೋ ಡ್ಯುಯಲ್ ಕೂಡ ಬರತ್ತೆ. ಆದ್ರೆ ಒಂದೇ ಒಂದು ಆರಿಸಬೇಕು ಅಂದ್ರೆ ಮಲಗೋ ಕೋಣೆಗೆ ಫೋಟೋಎಲೆಕ್ಟ್ರಿಕ್ ಅಂತ ನಾನು ಯಾವ ಅನುಮಾನನೂ ಇಲ್ಲದೆ ಹೇಳ್ತೀನಿ. ನಮ್ಮ ಮನೆಗಳ ರಾತ್ರಿ ಬೆಂಕಿ ಹೆಂಗಿರತ್ತೆ ಯೋಚನೆ ಮಾಡಿ, ಸೊಳ್ಳೆ ಬತ್ತಿ, ಹೊದಿಕೆ ಕೆಳಗೆ ಚಾರ್ಜಿಗೆ ಇಟ್ಟ ಮೊಬೈಲ್, ಸಡಿಲ ಸಾಕೆಟ್ಟಲ್ಲಿ ಕರಗ್ತಾ ಇರೋ ಪ್ಲಗ್, ಕೆಲವರ ಬೀಡಿ ಸಿಗರೇಟ್, ಬಾಣಂತಿ ಕೋಣೆಯ ಕೆಂಡದ ಅಗ್ಗಿಷ್ಟಿಕೆ. ಬಹಳಷ್ಟು ಮೊದಲು ಹೊಗೆಯಾಡಿ ಆಮೇಲೆ ಉರಿಯೋವು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಲ್ಲಿ 2011ರಲ್ಲಿ ಒಂದೇ ಮನೆಯ ಬೆಂಕೀಲಿ 11 ಜನ ತೀರಿಕೊಂಡ ಮೇಲೆ ಬಂದ ಕಾನೂನು ಫೋಟೋಎಲೆಕ್ಟ್ರಿಕ್ಕೇ ಇರಬೇಕು, ಪ್ರತಿ ಬೆಡ್‌ರೂಮಲ್ಲೂ ಇರಬೇಕು, ಒಂದು ಕೂಗಿದ್ರೆ ಎಲ್ಲಾ ಕೂಗಬೇಕು ಅನ್ನತ್ತೆ, ಅಲ್ಲಿನ ಎಲ್ಲಾ ಮನೆಗಳಿಗೂ 2027ರ ಜನವರಿ 1ರ ಗಡುವು. ಸ್ಕಾಟ್‌ಲೆಂಡಲ್ಲೂ 2022ರ ಫೆಬ್ರವರಿಯಿಂದ ಒಂದಕ್ಕೊಂದು ಸಂಪರ್ಕ ಇರೋ ಅಲಾರಂ ಪ್ರತಿ ಮನೆಗೂ ಕಡ್ಡಾಯ.

ಹೊಗೆ ಬಂದ್ರೆ ವಾಸನೆಗೇ ಎಚ್ಚರ ಆಗಲ್ವಾ ಅಂತ ನಮ್ಮ ಮಾವ ಕೇಳಿದ್ರು, ಅಕ್ಕಪಕ್ಕದವರೂ ಕೇಳಿದ್ರು. ಆಗಲ್ಲ. ನಿದ್ದೆಲಿ ಮೂಗು ಹೆಚ್ಚುಕಮ್ಮಿ ಕೆಲಸ ನಿಲ್ಲಿಸಿರತ್ತೆ. 2004ರಲ್ಲಿ ಅಮೆರಿಕದ ಬ್ರೌನ್ ಯೂನಿವರ್ಸಿಟಿಯವರು ಮಲಗಿರೋರ ಮೂಗಿಗೆ ಪಿರಿಡೀನ್ ಅನ್ನೋ ಕೆಟ್ಟ ವಾಸನೆ ಬಿಟ್ಟು ನೋಡಿದ್ರು, ಗಾಢ ನಿದ್ದೆಲಿ ಇದ್ದವರು ಎದ್ದೇಳಲಿಲ್ಲ, ಅದೇ ಶಬ್ದ ಮಾಡಿದ್ರೆ ಎದ್ರು. ಅಮ್ಮ ಮಲಗಿದ್ದ ರೂಮಲ್ಲಿ ಟ್ಯೂಬ್‌ಲೈಟೇ ಮಬ್ಬಾಗಿ ಕಾಣೋಷ್ಟು ಹೊಗೆ ಇದ್ರೂ ಅವರಿಗೆ ಎಚ್ಚರ ಆಗದೇ ಇದ್ದಿದ್ದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಇದನ್ನ ಓದಿದ ಮೇಲೆ. ನನಗೆ ವಾಸನೆ ಗೊತ್ತಾಗಿದ್ದೂ ಎದ್ದು ನಿಂತ ಮೇಲೇನೇ.

ಸರಿ ತಗೊಳ್ಳೋಣ ಅಂತ ಹೊರಟೆ. ಮೊದಲ ಸಲ ಮೋಸ ಹೋದ ಹಾಗೆ ಆಯ್ತು. ಊರಿನ ಒಂದು ಎಲೆಕ್ಟ್ರಿಕಲ್ ಅಂಗಡೀಲಿ ಸ್ಮೋಕ್ ಡಿಟೆಕ್ಟರ್ ಕೇಳಿದೆ, ಕೊಟ್ರು, ಮನೆಗೆ ತಂದು ಬ್ಯಾಟರಿ ಹಾಕೋ ಜಾಗ ಹುಡುಕ್ತೀನಿ, ಇಲ್ಲ. ಅದು ಆಫೀಸು ಹೋಟೆಲುಗಳಿಗೆ ಹಾಕೋದು, 24 ವೋಲ್ಟಿನ ಫೈರ್ ಪ್ಯಾನೆಲ್ಲಿಗೆ ವೈರ್ ಎಳೆದು ಜೋಡಿಸಬೇಕು, ಅದಕ್ಕೆ ಸ್ವಂತ ಗಂಟಲೇ ಇಲ್ಲ, ಹೊಗೆ ಕಂಡ್ರೆ ಪ್ಯಾನೆಲ್ಲಿಗೆ ಹೇಳತ್ತೆ, ಪ್ಯಾನೆಲ್ ಕೂಗಬೇಕು. ಮನೇಲಿ ಅದನ್ನ ಚಾವಣಿಗೆ ಅಂಟಿಸಿದ್ರೆ ಒಂದು ಬಿಳಿ ಡಬ್ಬಿ, ಬೇರೇನೂ ಅಲ್ಲ. ನಾನು ಕೇಳಿದಾಗ ಅಂಗಡಿಯವರು ಒಂದು ಮಾತು ಹೇಳಬಹುದಿತ್ತು. ಮನೆಗೆ ಬೇಕಾಗಿರೋದು ಸ್ಟ್ಯಾಂಡ್‌ಅಲೋನ್ ಸ್ಮೋಕ್ ಅಲಾರಂ, ಸೆನ್ಸರು, ಬ್ಯಾಟರಿ, ಹಾರ್ನ್ ಮೂರೂ ಒಂದರಲ್ಲೇ ಇರೋದು, ಡಬ್ಬಿ ಮೇಲೆ ಇಎನ್ 14604 (ಯುರೋಪಿನ ಮಾನದಂಡ) ಅಂತನೋ ಯುಎಲ್ 217 (ಅಮೆರಿಕದ್ದು) ಅಂತನೋ ಇರತ್ತೆ ನೋಡಿ. ಆನ್‌ಲೈನಲ್ಲಿ ಸಿಗತ್ತೆ. ಇನ್ನು ಗ್ಯಾಸ್ ಲೀಕ್ ಡಿಟೆಕ್ಟರ್ ಇದೆಯಲ್ಲ ನಮಗೆ ಅನ್ನೋರು ತುಂಬಾ ಜನ, ಅದು ಪೂರ್ತಿ ಬೇರೆ, ಅದರೊಳಗೆ ಇರೋದು ಸಾಮಾನ್ಯವಾಗಿ ಟಿನ್ ಆಕ್ಸೈಡ್ ಸೆನ್ಸರ್, ಎಲ್‌ಪಿಜಿ ಗಾಳಿಗಿಂತ ಭಾರ ಅಂತ ಅದನ್ನ ನೆಲದ ಹತ್ರ ಹಾಕ್ತಾರೆ, ಅದಕ್ಕೆ ಹೊಗೆ ಕಾಣಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಮತ್ತೆ ಬೇರೆ, ಅದು ಎಲೆಕ್ಟ್ರೋಕೆಮಿಕಲ್. ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇಟ್ಕೊಂಡಿರೋರು ದಯವಿಟ್ಟು ಅದನ್ನ ಹೊರಗೆ ಹಾಕಿಸಿ, ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಅನ್ನೋ ಸುದ್ದಿ ನಮ್ಮ ರಾಜ್ಯದ ಪೇಪರಲ್ಲಿ ಪ್ರತಿ ಚಳಿಗಾಲ ಓದ್ತೀವಿ.

ಅಡುಗೆಮನೆಗೆ ಮತ್ತೆ ದೇವರಮನೆಗೆ ನಾನು ಹೊಗೆ ಸೆನ್ಸರ್ ಹಾಕಲಿಲ್ಲ, ಹೀಟ್ ಅಲಾರಂ ಹಾಕಿದೆ. ಇದರಲ್ಲಿ ಬಿಸಿ ಅಳೆಯೋ ಥರ್ಮಿಸ್ಟರ್ ಇರತ್ತೆ, ಚಾವಣಿ ಹತ್ರ ಗಾಳಿ 57 ಡಿಗ್ರಿ ಆಸುಪಾಸು ಮುಟ್ಟಿದ್ರೆ ಕೂಗತ್ತೆ, ಕೆಲವು ಮಾಡೆಲ್‌ಗಳು ಒಂದು ನಿಮಿಷಕ್ಕೆ 8 ಡಿಗ್ರಿಗಿಂತ ಜೋರಾಗಿ ಬಿಸಿ ಏರಿದ್ರೂ ಕೂಗತ್ತೆ. ಒಗ್ಗರಣೆ, ಊದುಬತ್ತಿ, ಸಾಂಬ್ರಾಣಿ, ಮಂಗಳಾರತಿ ಕರ್ಪೂರ ಯಾವುದಕ್ಕೂ ಇದು ತಲೆ ಕೆಡಿಸಿಕೊಳ್ಳಲ್ಲ. ಆದ್ರೆ ಇದು ತಡ, ಬೆಂಕಿ ಚೆನ್ನಾಗಿ ಹತ್ತಿದ ಮೇಲೇನೇ ಗೊತ್ತಾಗೋದು, ಅಮ್ಮನ ಹಾಸಿಗೆ ಥರದ್ದು ಇದಕ್ಕೆ ಗೊತ್ತೇ ಆಗಲ್ಲ, ಅದಕ್ಕೆ ಮಲಗೋ ಕೋಣೆಗೆ ಇದನ್ನ ಹಾಕಬಾರದು. ದಿನಾ ಸುಳ್ಳು ಕೂಗು ಕೂಗೋ ಅಲಾರಮ್ಮಿನ ಬ್ಯಾಟರಿಯನ್ನ ಜನ ಕಿತ್ತಿಡ್ತಾರೆ. ಒಹಾಯೋದಲ್ಲಿ ನನ್ನ ಎದುರು ಮನೆಯವರು ಹಾಗೇ ಮಾಡಿದ್ರು, ಹಬ್ಬದ ದಿನ ವಡೆ ಕರಿಯೋವಾಗ ಕಿತ್ತಿದ್ದು ಮತ್ತೆ ಹಾಕಲೇ ಇಲ್ಲ. ಅಮೆರಿಕದಲ್ಲಿ ಮನೆ ಬೆಂಕಿಗೆ ಸಾಯೋ ಐದು ಜನರಲ್ಲಿ ಹತ್ತಿರ ಹತ್ತಿರ ಮೂವರು ಅಲಾರಮ್ಮೇ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳವರು ಅಂತ ಅಲ್ಲಿನ ಅಗ್ನಿ ಸುರಕ್ಷತಾ ಸಂಘ ಎನ್‌ಎಫ್‌ಪಿಎ ಲೆಕ್ಕ.

ಎಲ್ಲಿ ಹಾಕಬೇಕು ಅನ್ನೋದು ನಮ್ಮ ಮನೆಗಳಲ್ಲಿ ಸ್ವಲ್ಪ ತಲೆ ಉಪಯೋಗಿಸಬೇಕಾದ ವಿಷಯ, ಯಾಕಂದ್ರೆ ಸೀಲಿಂಗ್ ಫ್ಯಾನ್. ರೆಕ್ಕೆಯ ತುದಿಯಿಂದ ಕಮ್ಮಿ ಅಂದ್ರೆ 3 ಅಡಿ ದೂರ ಇರಬೇಕು ಅನ್ನತ್ತೆ ಅಮೆರಿಕದ ನಿಯಮ, ಇಲ್ಲಾಂದ್ರೆ ಫ್ಯಾನಿನ ಗಾಳಿ ಹೊಗೆಯನ್ನ ಸೆನ್ಸರಿನ ಒಳಗೆ ಹೋಗೋಕೇ ಬಿಡಲ್ಲ. ನಮ್ಮ ರೂಮುಗಳು ಹತ್ತಡಿ ಹತ್ತಡಿ, ಮಧ್ಯ ಫ್ಯಾನು, ಹಾಗಾಗಿ ಉಳಿಯೋದು ಬಾಗಿಲ ಕಡೆ ಅಂಚು. ಹಾಗಂತ ತೀರಾ ಮೂಲೆ ಸಂದಿಗೆ ಹಾಕಬಾರದು, ಗೋಡೆ ಚಾವಣಿ ಸೇರೋ 4 ಇಂಚಲ್ಲಿ ಗಾಳಿ ಸರಿಯಾಗಿ ಆಡಲ್ಲ. ಇನ್ನೊಂದು, ಬೇಸಿಗೇಲಿ ಇಡೀ ದಿನ ಕಾದ ಆರ್‌ಸಿಸಿ ಚಾವಣಿ ಕೆಳಗೆ ಬಿಸಿ ಗಾಳಿ ಒಂದು ಪದರ ನಿಂತಿರತ್ತೆ, ಹೊಗೆಯಾಡೋ ಬೆಂಕಿಯ ಹೊಗೆಗೆ ಅಷ್ಟು ಬಿಸಿ ಇಲ್ಲ, ಅದು ಆ ಪದರ ದಾಟದೆ ಕೆಳಗೇ ಹರಡಿಕೊಳ್ಳತ್ತೆ. ಅದಕ್ಕೆ ಅಮ್ಮನ ರೂಮಲ್ಲಿ ಚಾವಣಿಗೆ ಒಂದು, ಬಾಗಿಲಾಚೆ ಪ್ಯಾಸೇಜಿನ ಗೋಡೆ ಮೇಲೆ ಒಂದು ಹಾಕಿದೆ. ಒಲೆಯಿಂದ 10 ಅಡಿ ಒಳಗೆ ಹೊಗೆ ಅಲಾರಂ ಬೇಡ, ಬಚ್ಚಲುಮನೆ ಬಾಗಿಲ ಎದುರೂ ಬೇಡ.

ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡ್ತೀನಿ, ಅದರಿಂದ ಬ್ಯಾಟರಿ, ಹಾರ್ನ್, ಸರ್ಕ್ಯೂಟ್ ಸರಿ ಇದೆ ಅಂತ ಗೊತ್ತಾಗತ್ತೆ ಆದ್ರೆ ಜಾಲರಿ ಕಟ್ಟಿಕೊಂಡು ಹೊಗೆ ಒಳಗೇ ಹೋಗದ ಹಾಗೆ ಆಗಿದ್ರೆ ಗೊತ್ತಾಗಲ್ಲ. ಅದಕ್ಕೆ ಹಾಕಿದ ದಿನ ಮೂರು ಊದುಬತ್ತಿ ಒಟ್ಟಿಗೆ ಹಚ್ಚಿ ಆರಿಸಿ ಒಂದಡಿ ಕೆಳಗೆ ಹಿಡಿದೆ, ನಿಮಿಷದೊಳಗೆ ಕೂಗಿತು. ಮೊದಲ ಮಳೆಗೆ ಹುಳ ಏಳೋ ಸಮಯ ಬಂದಾಗ ವ್ಯಾಕ್ಯೂಮ್ ಕ್ಲೀನರಲ್ಲಿ ಜಾಲರಿ ಎಳೆದು ಕ್ಲೀನ್ ಮಾಡ್ತೀನಿ. ರಾತ್ರಿ ಎರಡು ಗಂಟೆಗೆ ನಿಮಿಷಕ್ಕೊಮ್ಮೆ ಕೀಕ್ ಅಂದ್ರೆ ಅದು ಬೆಂಕಿ ಅಲ್ಲ, ಬ್ಯಾಟರಿ ಮುಗೀತಾ ಬಂದಿದೆ, ತಣ್ಣಗಾದಾಗ ಬ್ಯಾಟರಿ ವೋಲ್ಟೇಜ್ ಇಳಿಯೋದ್ರಿಂದ ರಾತ್ರಿನೇ ಶುರುವಾಗತ್ತೆ. ಹತ್ತು ವರ್ಷಕ್ಕೆ ಇಡೀ ಅಲಾರಮ್ಮನ್ನೇ ಬದಲಾಯಿಸಬೇಕು.

ಇಷ್ಟೆಲ್ಲಾ ಆದ್ಮೇಲೆ ಉಳಿದಿದ್ದು ಅಪ್ಪನ ವಿಷಯ. ಅವರಿಗೆ 78, ಕಿವಿ ಮೆಷಿನ್ ಹಾಕ್ತಾರೆ, ರಾತ್ರಿ ತೆಗೆದು ಡಬ್ಬಿಲಿ ಇಡ್ತಾರೆ. ಸಾಮಾನ್ಯ ಅಲಾರಂ ಕೂಗೋದು 3000 ಹರ್ಟ್ಜ್ ಸುಮಾರಿನ ಕೀರಲು ದನಿಲಿ, ವಯಸ್ಸಾದವರ ಕಿವಿ ಮೊದಲು ಕಳ್ಕೊಳ್ಳೋದೇ ಆ ಮೇಲಿನ ದನಿಗಳನ್ನ. ಮೆಲ್ಬರ್ನಿನ ವಿಕ್ಟೋರಿಯಾ ಯೂನಿವರ್ಸಿಟಿಯ ಡೊರೊತಿ ಬ್ರಕ್ ಮತ್ತೆ ಇಯಾನ್ ಥಾಮಸ್ ಇದರ ಮೇಲೆ ತುಂಬಾ ಕೆಲಸ ಮಾಡಿದಾರೆ, 520 ಹರ್ಟ್ಜಿನ ದಪ್ಪ ದನಿ ವಯಸ್ಸಾದವರನ್ನ, ಕಿವಿ ಮಂದ ಇರೋರನ್ನ, ಮಕ್ಕಳನ್ನ ಎಷ್ಟೋ ಚೆನ್ನಾಗಿ ಎಬ್ಬಿಸತ್ತೆ ಅಂತ ತೋರಿಸಿದಾರೆ. ಆ ಥರದ್ದು ಇಲ್ಲಿ ನನಗೆ ಸಿಗಲಿಲ್ಲ.

ಹಾಗಾಗಿ ಒಂದು ರಾತ್ರಿ ಹನ್ನೊಂದೂವರೆಗೆ, ಅಮ್ಮನಿಗೆ ಮಾತ್ರ ಮೊದಲೇ ಹೇಳಿ, ಪ್ಯಾಸೇಜಿನ ಅಲಾರಂ ಬಟನ್ ಒತ್ತಿದೆ. ವೈರ್‌ಲೆಸ್ ಸಂಪರ್ಕ ಇರೋದ್ರಿಂದ ಎಲ್ಲಾ ರೂಮಲ್ಲೂ ಕೂಗಿತು, ಪಕ್ಕದ ಮನೆ ಲೈಟ್ ಹತ್ತಿತು. ಅಪ್ಪ ಮಗ್ಗುಲು ಬದಲಾಯಿಸಿ ಮಲಗಿದ್ರು. ಅಮ್ಮ ಹೋಗಿ ಭುಜ ಹಿಡಿದು ಅಲ್ಲಾಡಿಸಿದ ಮೇಲೇನೇ ಎದ್ದಿದ್ದು. ಈಗ ಲಂಡನ್ನಲ್ಲಿರೋ ನನ್ನ ತಂಗಿ ದಿಂಬಿನ ಕೆಳಗೆ ಇಡೋ ವೈಬ್ರೇಟಿಂಗ್ ಪ್ಯಾಡ್, ಅದಕ್ಕೆ ಹೊಂದೋ ಅಲಾರಂ ಎರಡೂ ಡಿಸೆಂಬರಲ್ಲಿ ಬರೋವಾಗ ತರ್ತೀನಿ ಅಂದಿದಾಳೆ. ಅಲ್ಲಿವರೆಗೂ ಅಪ್ಪನ ಮಂಚವನ್ನ ಅಮ್ಮನ ರೂಮಿಗೇ ಹಾಕಿದೀವಿ, ಅಲಾರಂ ಕೂಗಿದ್ರೆ ಮೊದಲು ಅಪ್ಪನ ಭುಜ, ಆಮೇಲೆ ಹಿತ್ತಲ ಬಾಗಿಲು, ಅದರ ಬೀಗದ ಕೈ ಈಗ ಬಾಗಿಲ ಪಕ್ಕದ ಮೊಳೆಯಲ್ಲೇ ಇರತ್ತೆ.